ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆ: ಇಷ್ಟೊಂದು ಹೆಸರುಗಳು ಬಂದದ್ದು ಹೇಗೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ‘ಕಣ್ಣಿನ ಆಪರೇಷನ್’ ಎಂದರೆ ಬಹುಕಾಲ ಒಂದೇ ಅರ್ಥವಿತ್ತು. ಅದು ಪೊರೆ ತೆಗೆಸುವುದು. ಮಾಡಿಸಿಕೊಳ್ಳುವವರು ಮನೆಯ ಹಿರಿಯರು. ಈಚಿನ ವರ್ಷಗಳಲ್ಲಿ ಅದೇ ಮಾತು ಇಪ್ಪತ್ತೆರಡು, ಇಪ್ಪತ್ತನಾಲ್ಕರ ವಯಸ್ಸಿನವರ ಬಾಯಲ್ಲಿ ಕೇಳಿಬರುತ್ತಿದೆ. ಹೆಣ್ಣು ನೋಡಲು ಬರುವವರ ಮುಂದೆ ಕನ್ನಡಕ ಬೇಡವೆನ್ನುವವರು, ನೇಮಕಾತಿಯ ವೈದ್ಯಕೀಯ ಪರೀಕ್ಷೆಗೆ ಹೆದರುವವರು, ಬೆವರಿಗೆ ಜಾರುವ ಚೌಕಟ್ಟಿನಿಂದ ಬೇಸತ್ತವರು ರಾತ್ರಿ ಬಸ್ಸು ಹಿಡಿದು ಹುಬ್ಬಳ್ಳಿಗೋ ಹೈದರಾಬಾದಿಗೋ ಬೆಂಗಳೂರಿಗೋ ಹೋಗುತ್ತಾರೆ. ಮರಳುವಾಗ ಕೈಯಲ್ಲಿ ಒಂದು ದರಪಟ್ಟಿ ಇರುತ್ತದೆ. ಪಿಆರ್‌ಕೆ, ಲಸಿಕ್, ಫೆಮ್ಟೊ ಲಸಿಕ್, ಸ್ಮೈಲ್, ಐಸಿಎಲ್ ಎಂಬ ಹೆಸರುಗಳು ಅದರಲ್ಲಿ ಸಾಮಾನ್ಯವಾಗಿ ಏರುತ್ತಾ ಹೋಗುವ ಬೆಲೆಯ ಕ್ರಮದಲ್ಲಿರುತ್ತವೆ. ದುಬಾರಿಯದ್ದೇ ಒಳ್ಳೆಯದಿರಬೇಕು ಎಂಬ ಊಹೆ ಹುಟ್ಟುವುದು ಅಲ್ಲಿಂದಲೇ. ಈ ಹೆಸರುಗಳು ನಡೆದುಬಂದ ದಾರಿಯನ್ನು ನೋಡಿದರೆ ಆ ಊಹೆ ನಿಲ್ಲುವುದು ಕಷ್ಟ.

ಪೊರೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಸುಶ್ರುತನ ಕಾಲದಲ್ಲಿ ಪೊರೆಯನ್ನು ಸಲಾಕೆಯಿಂದ ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಡೇವಿಯಲ್ ಅದನ್ನು ಹೊರತೆಗೆದರು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಅದರ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸಿದರು. ಆದರೂ ಆ ಮಸೂರ ಹಳ್ಳಿಯವರ ಕಣ್ಣಿಗೆ ಬರಲು ಹಲವು ದಶಕಗಳೇ ಬೇಕಾದವು. 1968ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ. ಸಿ. ಮೋದಿಯವರ ಸಾಮೂಹಿಕ ನೇತ್ರ ಶಿಬಿರಗಳನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಕಾಲದ ಶಿಬಿರಗಳಿಂದ ಮರಳಿದವರ ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು ಕೂರುತ್ತಿತ್ತು. 1992ರಲ್ಲಿ ಮದುರೆಯ ಆರೋಲ್ಯಾಬ್ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಆ ದಪ್ಪ ಗಾಜು ನಿಧಾನವಾಗಿ ಮರೆಯಾಯಿತು.

ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಯ ಸ್ವಭಾವವೇ ಬೇರೆ. ಪೊರೆ ಬಂದ ಕಣ್ಣು ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಕಳೆದುಕೊಳ್ಳುವುದು ಕಡಿಮೆ. ಇಲ್ಲಿ ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುವ, ರೋಗವಿಲ್ಲದ ಕಣ್ಣನ್ನು ಮುಟ್ಟಲಾಗುತ್ತದೆ. ಕಣ್ಣಿನೊಳಗೆ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಮಾಡುತ್ತದೆ. ಮೈನಸ್ ನಂಬರಿನವರಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿ ಬೆಳೆದಿರುವುದರಿಂದ ಬಿಂಬವು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ಮುಟ್ಟುವ ಮೊದಲೇ ಕೂಡಿಕೊಳ್ಳುತ್ತದೆ. ಉದ್ದವಾದ ಗುಡ್ಡೆಯನ್ನು ಗಿಡ್ಡ ಮಾಡುವಂತಿಲ್ಲ. ಕಾರ್ನಿಯಾದ ಉಬ್ಬನ್ನು ತಗ್ಗಿಸಬಹುದು. ಆ ಕಾರ್ನಿಯಾದ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಸರಾಸರಿ 540 ಮೈಕ್ರಾನ್. ಮುಂದಿನ ಕಥೆಯ ಬಹುಪಾಲು ಈ ದಪ್ಪವನ್ನು ಹೇಗೆ ಖರ್ಚು ಮಾಡಬೇಕೆಂಬುದರ ಕಥೆ.

ಮೊದಲ ಪ್ರಯತ್ನಗಳು ಹರಿತವಾದ ಅಲಗಿನವು. 1930–40ರ ದಶಕಗಳಲ್ಲಿ ಜಪಾನಿನ ಸಾಟೊ ಕಾರ್ನಿಯಾದ ಒಳಮೈಯಲ್ಲೂ ಗೀರುಗಳನ್ನು ಹಾಕಿದರು. ಒಳಪದರದ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲವೆಂಬುದರ ಮಹತ್ವ ಆಗ ತಿಳಿದಿರಲಿಲ್ಲ. ವರ್ಷಗಳು ಕಳೆದ ಮೇಲೆ ಆ ಕಣ್ಣುಗಳಲ್ಲಿ ಅನೇಕವು ಬಾತು ಮಸುಕಾದವು. ಕೊಲಂಬಿಯಾದ ಬೊಗೋಟಾದಲ್ಲಿ ಹೋಸೆ ಬರಾಕೆರ್ ಕಾರ್ನಿಯಾದ ಒಂದು ಬಿಲ್ಲೆಯನ್ನೇ ಕತ್ತರಿಸಿ, ಹೆಪ್ಪುಗಟ್ಟಿಸಿ, ಲೇತ್ ಮೇಲೆ ಕೊರೆದು, ಮರಳಿ ಹೊಲಿಯುವ ವಿಧಾನವನ್ನು ರೂಪಿಸಿದರು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಫ್ಯೋದೊರೋವ್ ಹೊರಮೈಯಲ್ಲಿ ಚಕ್ರದ ಅರಗಳಂತೆ ಆಳವಾದ ಗೀರುಗಳನ್ನು ಹಾಕುವ ಆರ್‌ಕೆ ವಿಧಾನವನ್ನು ಜನಪ್ರಿಯಗೊಳಿಸಿದರು. ಅಮೆರಿಕದಲ್ಲಿ ಈ ವಿಧಾನಕ್ಕೆ ಒಳಗಾದವರನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 1994ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದಾಗ, 43 ಶೇಕಡ ಕಣ್ಣುಗಳು ಒಂದು ನಂಬರ್ ಅಥವಾ ಅದಕ್ಕಿಂತ ಹೆಚ್ಚು, ಮೈನಸ್ಸಿಗೆ ವಿರುದ್ಧವಾದ ಪ್ಲಸ್ ಕಡೆಗೆ ಸರಿದಿದ್ದವು. ಮೊದಲ ವರ್ಷದ ಸಂತೋಷ ಹತ್ತನೇ ವರ್ಷಕ್ಕೆ ಉಳಿಯುವುದೆಂಬ ಭರವಸೆಯಿಲ್ಲ ಎಂಬುದನ್ನು ಈ ಕ್ಷೇತ್ರ ಕಲಿತದ್ದು ಹೀಗೆ.

ಅಲಗಿನ ಕಾಲ ಮುಗಿಯತೊಡಗಿದ್ದು ಒಂದು ಹಬ್ಬದೂಟದ ಮರುದಿನ. 1981ರಲ್ಲಿ ಐಬಿಎಂ ಸಂಶೋಧನಾಲಯದಲ್ಲಿ ಮದರಾಸು ಮೂಲದ ರಂಗಸ್ವಾಮಿ ಶ್ರೀನಿವಾಸನ್ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ತಂದು ಎಕ್ಸೈಮರ್ ಲೇಸರಿನ ಕೆಳಗಿಟ್ಟರು. ಅವರ ಜೊತೆಗಿದ್ದವರು ವಿನ್ ಮತ್ತು ಬ್ಲಮ್. 193 ನ್ಯಾನೊಮೀಟರಿನ ಆ ಅತಿನೇರಳೆ ಕಿರಣ ಸುತ್ತಲಿನ ಮಾಂಸವನ್ನು ಸುಡದೆ, ಅಣುಗಳ ಬಂಧವನ್ನೇ ಬಿಡಿಸಿ ಪದರ ಪದರವಾಗಿ ತೆಗೆಯಿತು. 1983ರಲ್ಲಿ ನೇತ್ರತಜ್ಞ ಟ್ರೊಕೆಲ್ ಅದನ್ನು ಕಾರ್ನಿಯಾದ ಮೇಲೆ ಪ್ರಯೋಗಿಸಿದರು. 1995ರಲ್ಲಿ ಅಮೆರಿಕ ಪಿಆರ್‌ಕೆಗೆ ಅನುಮತಿ ಕೊಟ್ಟಿತು. ಈ ವಿಧಾನದಲ್ಲಿ ಕಾರ್ನಿಯಾದ ತೆಳು ಮೇಲ್ಪದರವನ್ನು ಸರಿಸಿ ಲೇಸರ್ ಹಾಯಿಸುತ್ತಾರೆ, ಆ ಪದರ ಮತ್ತೆ ಬೆಳೆಯುವ ಮೂರ್ನಾಲ್ಕು ದಿನ ಕಣ್ಣು ಉರಿಯುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು, ಕೆಲವರಿಗೆ ಮಬ್ಬು ಉಳಿಯುತ್ತದೆ.

ಆ ನೋವಿಗೆ ಉತ್ತರವಾಗಿ ಬಂದದ್ದು ಲಸಿಕ್. ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಮೊದಲಾದವರು 1990ರ ಸುಮಾರಿಗೆ ಬರಾಕೆರ್‌ರ ಬಿಲ್ಲೆಯನ್ನೂ ಹೊಸ ಲೇಸರನ್ನೂ ಕೂಡಿಸಿದರು. ಬಿಲ್ಲೆಯನ್ನು ಪೂರ್ತಿ ಬೇರ್ಪಡಿಸದೆ, ಪುಸ್ತಕದ ಹಾಳೆಯಂತೆ ಒಂದು ಬದಿಯಲ್ಲಿ ಅಂಟಿಕೊಂಡಿರುವಂತೆ ಅಲಗಿನಿಂದ ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಹಾಳೆಯನ್ನು ಮುಚ್ಚುವುದು ಇದರ ಕ್ರಮ. ಸಾಮಾನ್ಯವಾಗಿ ಮರುದಿನ ಬೆಳಿಗ್ಗೆಗೇ ಕಾಣುತ್ತದೆ. ಜಗತ್ತು ಲಸಿಕ್ಕನ್ನು ಒಪ್ಪಿಕೊಂಡದ್ದು ಈ ಬೆಳಗಿನ ಕಾರಣಕ್ಕೆ. ಅದು ಕಾರ್ನಿಯಾಕ್ಕೆ ಹೆಚ್ಚು ಹಿತವೆಂಬ ಕಾರಣಕ್ಕಲ್ಲ.

ಏಕೆಂದರೆ ಹಾಳೆಗೂ ಬೆಲೆಯಿದೆ. ಅದನ್ನು ಎತ್ತುವಾಗ ಕಾರ್ನಿಯಾದ ನರಗಳು ಕತ್ತರಿಸಲ್ಪಟ್ಟು ತಿಂಗಳುಗಟ್ಟಲೆ ಕಣ್ಣು ಒಣಗುತ್ತದೆ, ಮತ್ತು ಹಾಳೆ ಹಿಂದಿನ ಬಲದಿಂದ ಕೂಡಿಕೊಳ್ಳುವುದಿಲ್ಲ. ಲೆಕ್ಕ ಹೀಗಿದೆ: ಹಾಳೆಗೆ ಸುಮಾರು 110 ಮೈಕ್ರಾನ್, ಪ್ರತಿ ನಂಬರಿಗೆ ಅಂದಾಜು 12ರಿಂದ 15 ಮೈಕ್ರಾನ್, ಕೆಳಗೆ ಮುಟ್ಟದೆ ಉಳಿಯಬೇಕಾದದ್ದು ಕನಿಷ್ಠ 250, ಎಚ್ಚರದ ವೈದ್ಯರ ಪ್ರಕಾರ 300. 540ರ ಕಾರ್ನಿಯಾದಲ್ಲಿ ನಾಲ್ಕು ನಂಬರ್ ತೆಗೆದರೆ ಉಳಿತಾಯ ಧಾರಾಳ. 490ರ ಕಾರ್ನಿಯಾದಲ್ಲಿ ಎಂಟು ನಂಬರ್ ತೆಗೆಯಹೊರಟರೆ ಆ ದಪ್ಪದ ಗಂಟು ಕರಗಿ ಅಂಚಿಗೆ ಬಂದು ನಿಲ್ಲುತ್ತದೆ. ಹಾಗೆ ತೆಳುವಾದ ಕಾರ್ನಿಯಾ ಕಣ್ಣಿನ ಒತ್ತಡ ತಾಳದೆ ಮುಂದಕ್ಕೆ ಉಬ್ಬಿದ ಪ್ರಕರಣಗಳು 1998ರಿಂದ ವರದಿಯಾಗತೊಡಗಿದವು. ಅವುಗಳಲ್ಲಿ ಎಷ್ಟೋ ಕಣ್ಣುಗಳಲ್ಲಿ ಕೆರಟೊಕೋನಸ್ ಎಂಬ ಶಂಕುವಿನಾಕಾರದ ಉಬ್ಬು ಮೊದಲೇ ಮೊಳಕೆಯೊಡೆದಿತ್ತು. ಅದನ್ನು ಹಿಡಿಯಲು ಕಾರ್ನಿಯಾದ ನಕ್ಷೆ ತೆಗೆಯುವ ಟೊಪೊಗ್ರಫಿ ಪರೀಕ್ಷೆ ಬೇಕು, ಮತ್ತು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದಕ್ಕೆ ಮುನ್ನ ಒಂದೆರಡು ವಾರ, ಗಟ್ಟಿ ಲೆನ್ಸಾದರೆ ಇನ್ನೂ ಹೆಚ್ಚು ದಿನ, ಅದನ್ನು ಬಿಟ್ಟಿರಬೇಕು. ಬೆಳಿಗ್ಗೆ ಬಸ್ಸಿಳಿದು, ಮಧ್ಯಾಹ್ನ ಪರೀಕ್ಷೆ ಮುಗಿಸಿ, ಸಂಜೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಅವಸರಕ್ಕೂ ಈ ಪರೀಕ್ಷೆಯ ಸ್ವಭಾವಕ್ಕೂ ಹೊಂದಿಕೆಯಾಗುವುದಿಲ್ಲ.

ಮುಂದಿನ ಹೆಸರುಗಳೆಲ್ಲ ಈ ಹಾಳೆಯ ತಗಾದೆಯನ್ನು ಬಗೆಹರಿಸಲು ಹೊರಟವು. ಅಲಗಿನ ಬದಲು ಅತಿ ಕಿರು ಮಿಡಿತಗಳ ಫೆಮ್ಟೊಸೆಕೆಂಡ್ ಲೇಸರಿನಿಂದ ಹಾಳೆ ಎತ್ತುವುದು ಫೆಮ್ಟೊ ಲಸಿಕ್. ಇದಕ್ಕೆ ಆಧಾರವಾದ ಭೌತವಿಜ್ಞಾನಕ್ಕೆ 2018ರಲ್ಲಿ ಮೊರೂ ಮತ್ತು ಸ್ಟ್ರಿಕ್‌ಲ್ಯಾಂಡ್ ನೊಬೆಲ್ ಹಂಚಿಕೊಂಡರು. ಸ್ಮೈಲ್ ವಿಧಾನದಲ್ಲಿ ಹಾಳೆಯೇ ಇಲ್ಲ. ಕಾರ್ನಿಯಾದ ಒಳಗೇ ಮಸೂರದಾಕಾರದ ತುಣುಕನ್ನು ಕೊರೆದು 2ರಿಂದ 4 ಮಿಲಿಮೀಟರಿನ ಸೀಳಿನಿಂದ ಹೊರಗೆಳೆಯುತ್ತಾರೆ. ನರಗಳು ಹೆಚ್ಚು ಉಳಿಯುತ್ತವೆ, ಕಣ್ಣು ಕಡಿಮೆ ಒಣಗುತ್ತದೆ. ಆದರೆ ದೃಷ್ಟಿ ಲಸಿಕ್‌ನಷ್ಟು ಚುರುಕಾಗಿ ತಿಳಿಯಾಗುವುದಿಲ್ಲ, ನಂಬರ್ ಉಳಿದರೆ ಮತ್ತೆ ಸರಿಪಡಿಸುವುದೂ ಅಷ್ಟು ಸುಲಭವಲ್ಲ. ಐಸಿಎಲ್ ಕಾರ್ನಿಯಾದ ದಪ್ಪಕ್ಕೆ ಕೈಯನ್ನೇ ಹಾಕುವುದಿಲ್ಲ. ಪಾಪೆಯ ಹಿಂದೆ, ಸಹಜ ಮಸೂರದ ಮುಂದೆ, ಮೃದುವಾದ ಮತ್ತೊಂದು ಮಸೂರವನ್ನಿಡುತ್ತದೆ. ಹೆಚ್ಚಿನ ನಂಬರಿನವರಿಗೂ ತೆಳು ಕಾರ್ನಿಯಾದವರಿಗೂ ಇದೇ ದಾರಿ, ಬೇಡವೆಂದರೆ ತೆಗೆಯಲೂಬಹುದು. ಆದರೆ ಕಣ್ಣಿನೊಳಗೆ ಜಾಗ ಸಾಕಷ್ಟಿರಬೇಕು, ಒತ್ತಡ ಮತ್ತು ಪೊರೆಗಾಗಿ ವರ್ಷ ವರ್ಷ ತೋರಿಸುತ್ತಿರಬೇಕು. ಈ ನಡುವೆ ಹಳತೆಂದು ಬದಿಗಿಟ್ಟಿದ್ದ ಪಿಆರ್‌ಕೆ, ಹಾಳೆ ಬೇಡದ ಕಾರಣಕ್ಕೇ, ಹೊಸ ಹೆಸರುಗಳನ್ನು ತೊಟ್ಟು ಮರಳಿ ಬಂದಿದೆ.

ನಮ್ಮ ಕಡೆಯ ಬದುಕಿಗೆ ಹೊಂದಿಸಿ ನೋಡಿದರೆ ದರಪಟ್ಟಿಯ ಕ್ರಮ ಇನ್ನಷ್ಟು ಅದಲುಬದಲಾಗುತ್ತದೆ. ಸಂಡೂರು, ತೋರಣಗಲ್ಲಿನ ಅದಿರಿನ ಧೂಳಿನಲ್ಲಿ ಬೈಕು ಓಡಿಸುವವರಿಗೆ ಒಣಗುವ ಕಣ್ಣು ದೊಡ್ಡ ಸಂಗತಿ. ಕಣ್ಣುಜ್ಜುವ ಚಾಳಿಯಿದ್ದವರಿಗೆ ಹಾಳೆ ಜರುಗುವ ಅಪಾಯ. ರಾಯಚೂರಿನ ಬಿಸಿಲಿನಲ್ಲಿ ಪಿಆರ್‌ಕೆ ಮಾಡಿಸಿಕೊಂಡವರು ಮಬ್ಬನ್ನು ತಪ್ಪಿಸಲು ತಂಪು ಕನ್ನಡಕವನ್ನು ತಿಂಗಳುಗಟ್ಟಲೆ ಬಿಡುವಂತಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಎರಡೂವರೆ ಮೈನಸ್ ನಂಬರಿನ ನಲವತ್ತೈದರ ದರ್ಜಿಯೊಬ್ಬ ಕನ್ನಡಕ ತೆಗೆದಿಟ್ಟು ಸೂಜಿಗೆ ದಾರ ಪೋಣಿಸಬಲ್ಲ. ಎರಡೂ ಕಣ್ಣುಗಳ ದೂರದ ನಂಬರನ್ನು ಪೂರ್ತಿ ಅಳಿಸಿದರೆ ಆ ಅನುಕೂಲ ಹೋಗಿ ಓದುವ ಚಾಳೀಸು ಬರುತ್ತದೆ. ಚಾಳೀಸು ಎಂದರೇ ನಲವತ್ತು. ಇಪ್ಪತ್ತರಲ್ಲಿ ಮಾಡಿಸಿಕೊಂಡ ಯಾವ ಲೇಸರೂ ಅದನ್ನು ತಡೆಯುವುದಿಲ್ಲ.

ನೌಕರಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಯ ನೇಮಕಾತಿ ಪ್ರಕಟಣೆಗಳು, ಲಸಿಕ್ ಅಥವಾ ದೃಷ್ಟಿದೋಷ ಸರಿಪಡಿಸುವ ಬೇರಾವುದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅರ್ಹರಲ್ಲವೆಂದು ಸ್ಪಷ್ಟವಾಗಿಯೇ ಹೇಳುತ್ತವೆ. ಕನ್ನಡಕದೊಂದಿಗೆ ಅರ್ಹತೆ ಸಿಗದೆಂದು ಸಾಲ ಮಾಡಿ ಲೇಸರ್ ಮಾಡಿಸಿಕೊಂಡವರು ಅದೇ ಕಾರಣಕ್ಕೆ ಹೊರಬೀಳುತ್ತಾರೆ. ಸೇನೆ ಷರತ್ತುಗಳೊಂದಿಗೆ ಒಪ್ಪುತ್ತದೆ. ಆ ಷರತ್ತುಗಳಲ್ಲಿ ಕಣ್ಣುಗುಡ್ಡೆಯ ಉದ್ದವೂ ಒಂದು, ಏಕೆಂದರೆ ಉದ್ದವಾದ ಗುಡ್ಡೆಯ ಹಿಗ್ಗಿದ ಅಕ್ಷಿಪಟಲ ಶಸ್ತ್ರಚಿಕಿತ್ಸೆಯ ಬಳಿಕವೂ ಹಾಗೆಯೇ ಇರುತ್ತದೆ. ವಿಮೆಯವರದ್ದು ಮತ್ತೊಂದು ಗೆರೆ: 7.5ಕ್ಕಿಂತ ಕಡಿಮೆ ನಂಬರಿನ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಲೇಸರ್ ಇಲ್ಲಿಯೇ ಆಗದಿದ್ದರೂ ಮೊದಲಿನ ತಪಾಸಣೆ ಮತ್ತು ವಾರದ, ತಿಂಗಳ, ಆರು ತಿಂಗಳ ಮರುಭೇಟಿಗಳು ಊರಿನ ಹತ್ತಿರವೇ ನಡೆಯುವಂತಿದ್ದರೆ, ಕಣ್ಣು ಚೆನ್ನಾಗಿ ಕಂಡ ಮಾತ್ರಕ್ಕೆ ಜನ ಆ ಭೇಟಿಗಳನ್ನು ಕೈಬಿಡುತ್ತಿರಲಿಲ್ಲವೇನೋ. ದರಪಟ್ಟಿಯ ಜೊತೆಗೆ ಕೇಳಿ ಪಡೆಯಬೇಕಾದ ಇನ್ನೊಂದು ಕಾಗದವಿದೆ: ಶಸ್ತ್ರಚಿಕಿತ್ಸೆಗೆ ಮುಂಚಿನ ಕಾರ್ನಿಯಾದ ಅಳತೆ, ನಂಬರ್ ಮತ್ತು ನಕ್ಷೆಯ ಪ್ರತಿ. ಇಂದು ಲೇಸರ್ ಮಾಡಿಸಿಕೊಳ್ಳುವವರಿಗೂ ಅರವತ್ತರ ಸುಮಾರಿಗೆ ಪೊರೆ ಬರುತ್ತದೆ. ಆಗ ಹಾಕಬೇಕಾದ ಮಸೂರದ ನಂಬರನ್ನು ಕಾರ್ನಿಯಾದ ಬಾಗಿನಿಂದ ಲೆಕ್ಕ ಹಾಕುತ್ತಾರೆ, ಲೇಸರ್ ಬದಲಿಸಿದ ಬಾಗಿನಲ್ಲಿ ಆ ಲೆಕ್ಕ ತಪ್ಪುವ ಸಂಭವ ಹೆಚ್ಚು, ಮತ್ತು ಅದನ್ನು ತಿದ್ದಿಕೊಳ್ಳಲು ಮುಂದೊಂದು ದಿನ ವೈದ್ಯರು ಕೇಳುವುದು ಇದೇ ಹಳೆಯ ಕಾಗದವನ್ನು.