ಚಿನ್ನ ಗೆದ್ದ ಮಗಳು ತಂಡದಲ್ಲಿ ಏಕಿಲ್ಲ?

ಈಜಿನ ಸೀನಿಯರ್ ನ್ಯಾಷನಲ್ಸ್ ಕೂಟವೇ ಅಂತರರಾಷ್ಟ್ರೀಯ ತಂಡದ ಆಯ್ಕೆ ಟ್ರಯಲ್ಸ್ ಕೂಡ ಆಗಿರುವ ವರ್ಷಗಳಲ್ಲಿ, ಕೂಟ ಮುಗಿದ ಮರುವಾರ ನನಗೆ ಬರುವ ಫೋನ್ ಕರೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯವು: ಚಿನ್ನ ಗೆದ್ದ ಮಗು ತಂಡದಲ್ಲಿ ಏಕಿಲ್ಲ? ಬೆಂಗಳೂರಿನ ಈಜುಕೊಳಗಳಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ತರಬೇತಿ ಕೊಟ್ಟಿರುವ ನಾನು ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಅದು ಪ್ರತಿಬಾರಿ ಹೊಸ ನೋವಿನೊಂದಿಗೇ ಬರುವುದರಿಂದ, ಒಮ್ಮೆ ಬಿಡಿಸಿ ಬರೆಯುವುದು ಒಳ್ಳೆಯದೆನಿಸಿತು.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ಮೈಸೂರ್ ಪಾಕಿನ ಡಬ್ಬಿ ಹಿಡಿದು ಬೆಳಗಿನ ಐದೂವರೆಗೆ ಕೊಳದ ಬಳಿ ಬಂದರು. ಮಗಳು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ರಾಷ್ಟ್ರೀಯ ಚಿನ್ನ ಗೆದ್ದಿದ್ದಳು. ‘ಸರ್, ಪಾಸ್‌ಪೋರ್ಟ್ ರಿನ್ಯೂ ಮಾಡಿಸಿಬಿಟ್ಟಿದ್ದೀನಿ. ಟೀಮ್ ಯಾವಾಗ ಹೊರಡುತ್ತೆ?’ ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಹುಡುಗಿ ತಲೆ ತಗ್ಗಿಸಿದಳು. ಅರ್ಹತಾ ಸಮಯಕ್ಕಿಂತ ತಾನು ಒಂದೂಮುಕ್ಕಾಲು ಸೆಕೆಂಡ್ ಹಿಂದಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಹೇಳುವ ಧೈರ್ಯ ಸಾಲದೆ ಮೂರು ದಿನ ಸುಮ್ಮನಿದ್ದಳು.

ಚಿನ್ನ ಹೇಳುವುದು ಇಷ್ಟೇ: ಆ ದಿನ, ಆ ಎಂಟು ಲೇನ್‌ಗಳಲ್ಲಿ, ನಿಮ್ಮ ಮಗು ಎಲ್ಲರಿಗಿಂತ ಮುಂಚೆ ಗೋಡೆ ಮುಟ್ಟಿತು. ಆಯ್ಕೆಯ ಬಾಗಿಲಿಗೆ ಎರಡು ಬೀಗಗಳಿವೆ. ದೇಶದಲ್ಲಿ ಮೊದಲಿಗರಾಗುವುದು ಒಂದಾದರೆ, ಗೊತ್ತುಪಡಿಸಿದ ಸಮಯದೊಳಗೆ ಈಜುವುದು ಇನ್ನೊಂದು. ಚಿನ್ನದಿಂದ ತೆರೆಯುವುದು ಮೊದಲನೆಯ ಬೀಗ ಮಾತ್ರ.

ಇದಕ್ಕೆ 2021ರ ಜೂನ್ ತಿಂಗಳಿಗಿಂತ ಸ್ಪಷ್ಟವಾದ ಪಾಠ ನನಗೆ ತಿಳಿದಿಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ಪುರುಷರ 200 ಮೀಟರ್ ಬಟರ್‌ಫ್ಲೈನ ಎ ಕಟ್, ಅಂದರೆ ನೇರ ಅರ್ಹತೆ ಕೊಡುವ ಸಮಯ, 1:56.48 ಆಗಿತ್ತು. ಸಾಜನ್ ಪ್ರಕಾಶ್ ಬೆಲ್‌ಗ್ರೇಡ್‌ನಲ್ಲಿ 1:56.96ರಲ್ಲಿ ಈಜಿ ಚಿನ್ನವನ್ನೂ ಗೆದ್ದರು, ರಾಷ್ಟ್ರೀಯ ದಾಖಲೆಯನ್ನೂ ಬರೆದರು. ನೇರ ಅರ್ಹತೆ ಮಾತ್ರ ಸಿಗಲಿಲ್ಲ. ಕೆಲವೇ ದಿನಗಳ ನಂತರ ರೋಮ್‌ನ ಸೆಟ್ಟೆ ಕೊಲ್ಲಿ ಕೂಟದಲ್ಲಿ 1:56.38ರಲ್ಲಿ ಗೋಡೆ ಮುಟ್ಟಿ, ಎ ಕಟ್ ಮಾಡಿದ ಮೊದಲ ಭಾರತೀಯರೆನಿಸಿಕೊಂಡರು. ಆ ವೇಗದಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ನೀರಿನಲ್ಲಿ ಒಂದು ಗೇಣಿಗೂ ಕಡಿಮೆ ದೂರ. ಅದೇ ಕೂಟದಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 53.77 ಸೆಕೆಂಡ್ ಮಾಡಿದರು. ಕಟ್ ಇದ್ದುದು 53.85. ಅದು ಪದಕದ ಸ್ಪರ್ಧೆಯೇ ಆಗಿರಲಿಲ್ಲ, ಟೈಮ್ ಟ್ರಯಲ್, ಅಂದರೆ ಸಮಯ ದಾಖಲಿಸಲೆಂದೇ ಈಜುವ ಸುತ್ತು, ಆಗಿತ್ತು. ಅಂತರರಾಷ್ಟ್ರೀಯ ಸಂಸ್ಥೆ ಆ ಸಮಯವನ್ನು ಮಾನ್ಯ ಮಾಡಿದ ಮೇಲೆ ಅವರ ಟೋಕಿಯೊ ಪಯಣ ಖಚಿತವಾಯಿತು. ಒಬ್ಬರಿಗೆ ಬೆಲ್‌ಗ್ರೇಡ್‌ನಲ್ಲಿ ಚಿನ್ನ ಸಿಕ್ಕಿಯೂ ಟಿಕೆಟ್ ಸಿಗಲಿಲ್ಲ, ಇನ್ನೊಬ್ಬರಿಗೆ ಪದಕವೇ ಇಲ್ಲದೆ ಟಿಕೆಟ್ ಸಿಕ್ಕಿತು. ಪಾಲಕರು ದಯವಿಟ್ಟು ಈ ಎರಡು ಈಜುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಅಮೆರಿಕದಲ್ಲಿ ಕಥೆ ತಿರುಗಿ ನಿಲ್ಲುತ್ತದೆ. ಅಲ್ಲಿ ಕಟ್‌ಗಿಂತ ವೇಗವಾಗಿ ಈಜುವವರು ಸಾಕಷ್ಟು ಮಂದಿ ಇದ್ದಾರೆ; ಆದರೆ ಒಂದು ದೇಶದಿಂದ ಒಂದು ಸ್ಪರ್ಧೆಗೆ ಇಬ್ಬರಿಗೆ ಮಾತ್ರ ಅವಕಾಶ. 2021ರ ಒಲಿಂಪಿಕ್ ಟ್ರಯಲ್ಸ್‌ನಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ವಿಶ್ವದಾಖಲೆ ಹೊಂದಿದ್ದ ರೀಗನ್ ಸ್ಮಿತ್ ಮೂರನೆಯವರಾಗಿ, ಆ ಸ್ಪರ್ಧೆಯನ್ನೇ ಕಳೆದುಕೊಂಡರು. ಅಲ್ಲಿಯ ಮಗುವಿಗೆ ಸ್ಥಾನ ಕಷ್ಟವಾದರೆ ಇಲ್ಲಿಯ ಮಗುವಿಗೆ ಸಮಯ ಕಷ್ಟ. ಅಲ್ಲಿಯ ಟ್ರಯಲ್ಸ್ ವಿಡಿಯೊ ನೋಡಿ ‘ಮೊದಲೆರಡು ಬಂದರೆ ಸಾಕು’ ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

‘ಹಾಗಾದರೆ ಬಿ ಕಟ್ ಆಗಿದೆಯಲ್ಲ ಸರ್’ ಎನ್ನುವವರೂ ಇದ್ದಾರೆ. ಬಿ ಕಟ್ ಎ ಕಟ್‌ಗಿಂತ ಸ್ವಲ್ಪ ಸಡಿಲವಾದ ಸಮಯ. ಒಲಿಂಪಿಕ್ಸ್ ಮಟ್ಟಿಗೆ ಅದೆಂದರೆ ಸಾಲಿನಲ್ಲಿ ನಿಲ್ಲುವ ಹಕ್ಕು, ಒಳಗೆ ಹೋಗುವ ಹಕ್ಕಲ್ಲ. ಪ್ಯಾರಿಸ್‌ನಲ್ಲಿ ಈಜುಗಾರರ ಒಟ್ಟು ಮಿತಿ 852 ಆಗಿತ್ತು, ಆ ಮಿತಿಯೊಳಗೆ ಜಾಗ ಉಳಿದರೆ ಮಾತ್ರ ಅಂಥವರಿಗೆ ಆಹ್ವಾನ ಬರುತ್ತಿತ್ತು. 2024ರಲ್ಲಿ ಶ್ರೀಹರಿ ಮತ್ತು ಹದಿನಾಲ್ಕು ವರ್ಷದ ಧಿನಿಧಿ ದೇಸಿಂಗು ಪ್ಯಾರಿಸ್‌ಗೆ ಹೋದದ್ದು ಯೂನಿವರ್ಸಾಲಿಟಿ ಕೋಟಾದಿಂದ; ನೇರ ಅರ್ಹತೆ ಪಡೆದ ಈಜುಗಾರರಿಲ್ಲದ ದೇಶಕ್ಕೆ ಗರಿಷ್ಠ ಒಬ್ಬ ಪುರುಷ, ಒಬ್ಬ ಮಹಿಳೆ ಎಂಬ ಅವಕಾಶ ಅದು. ಏಷ್ಯನ್ ಗೇಮ್ಸ್‌ನ ಮಾನದಂಡ ಬೇರೆ, ವಿಶ್ವ ಚಾಂಪಿಯನ್‌ಶಿಪ್‌ನದು ಬೇರೆ, ಆಯಾ ವರ್ಷದ ಸುತ್ತೋಲೆಯೇ ಅಂತಿಮ. ಹಾಗಾಗಿ ಯಾವ ಮಗುವಿನ ವಿಷಯದಲ್ಲೂ ನಾನು ‘ಆಯ್ಕೆ ಖಚಿತ’ ಎಂಬ ಮಾತು ಆಡುವುದಿಲ್ಲ.

ಇನ್ನು ಮನೆಯ ಡೈರಿಯಲ್ಲಿರುವ ‘ಬೆಸ್ಟ್ ಟೈಮ್’ ವಿಷಯ. 25 ಮೀಟರ್ ಕೊಳದ ಸಮಯವನ್ನು 50 ಮೀಟರ್ ಕೊಳದ ಕಟ್‌ಗೆ ಹೋಲಿಸಬಾರದು. ನೂರು ಮೀಟರ್‌ಗೆ ಅಲ್ಲಿ ಮೂರು ತಿರುವು, ಇಲ್ಲಿ ಒಂದೇ, ಮತ್ತು ಪ್ರತಿ ತಿರುವಿನಲ್ಲೂ ಗೋಡೆ ಒದ್ದು ಪಡೆಯುವ ವೇಗವೇ ಒಂದು ಲಾಭ. ಸ್ಟಾಪ್‌ವಾಚ್ ಹಿಡಿದ ಕೈ ಸ್ಟಾರ್ಟ್ ಶಬ್ದ ಕೇಳಿದ ಮೇಲಷ್ಟೇ ಗುಂಡಿ ಒತ್ತುವುದರಿಂದ, ಅದರ ಸಮಯ ಗೋಡೆಯಲ್ಲಿರುವ ಎಲೆಕ್ಟ್ರಾನಿಕ್ ಟಚ್‌ಪ್ಯಾಡ್‌ನದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ರಿಲೇಯ ಕೊನೆಯ ಲೆಗ್‌ನ ಸಮಯವೂ ಲೆಕ್ಕಕ್ಕಿಲ್ಲ, ಏಕೆಂದರೆ ತನಗಿಂತ ಮುಂಚೆ ಈಜಿದವರು ಗೋಡೆಯತ್ತ ಬರುವುದನ್ನು ನೋಡುತ್ತಲೇ ಜಿಗಿಯುವ ಅನುಕೂಲ ಅದರಲ್ಲಿದೆ.

ನ್ಯಾಷನಲ್ಸ್ ಪದಕಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ರೈಲ್ವೆ, ಪೊಲೀಸ್ ನೌಕರಿಗೂ ಕಾಲೇಜಿನ ಕ್ರೀಡಾ ಕೋಟಾಕ್ಕೂ ಅದು ದಾರಿಯಾಗುತ್ತದೆ. ಎಷ್ಟೋ ಸಾಮಾನ್ಯ ಕುಟುಂಬಗಳ ಮಕ್ಕಳು ಆ ದಾರಿಯಲ್ಲಿ ನೆಲೆ ಕಂಡದ್ದನ್ನು ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಪದಕಗಳಿಗಾಗಿ ಐದು ಸ್ಪರ್ಧೆ, ಜೊತೆಗೆ ರಾಜ್ಯಕ್ಕಾಗಿ ರಿಲೇಗಳು, ದಿನಕ್ಕೆ ಬೆಳಿಗ್ಗೆ ಹೀಟ್ಸ್, ಸಂಜೆ ಫೈನಲ್ಸ್ ಎಂದು ಈಜಿದ ಮಗು, ಒಂದೇ ಒಂದು ಸ್ಪರ್ಧೆಯಲ್ಲಿ ತನ್ನ ಜೀವನದ ಅತ್ಯುತ್ತಮ ಸಮಯವನ್ನು ತೆಗೆಯುವುದು ಬಹಳ ಕಷ್ಟ. ಕೂಟಕ್ಕೆ ಹಲವು ತಿಂಗಳ ಮುಂಚೆಯೇ, ಈ ವರ್ಷ ಪದಕವೋ ಕಟ್ಟೋ ಎಂಬುದನ್ನು ಕೋಚ್, ಪಾಲಕರು, ಮಗು ಕೂಡಿ ಕುಳಿತು ತೀರ್ಮಾನಿಸಬೇಕು. ಟೇಪರ್, ಅಂದರೆ ಕೂಟದ ಮುಂಚಿನ ವಾರಗಳಲ್ಲಿ ಅಭ್ಯಾಸ ಇಳಿಸುವ ಕ್ರಮ, ಅದನ್ನೇ ಅವಲಂಬಿಸಿದೆ.

ಆ ಹುಡುಗಿಯ ಮನೆಯವರೊಂದಿಗೂ ಹಾಗೆ ಕುಳಿತೆವು. ಮರುವರ್ಷ ಅವಳು ಎರಡೇ ಸ್ಪರ್ಧೆಗೆ ಹೆಸರು ಕೊಟ್ಟಳು, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೆಯವಳಾದಳು, ಸಮಯ ಮಾತ್ರ 0.62 ಸೆಕೆಂಡ್ ಇಳಿಯಿತು. ರಾತ್ರಿ ಅವಳ ತಂದೆ ಫೋನ್ ಮಾಡಿದರು. ಬೆಳ್ಳಿಗಾಗಿ ಬೇಸರ ತೋಡಿಕೊಳ್ಳುತ್ತಾರೆಂದು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರು ಪದಕದ ಮಾತೇ ಎತ್ತದೆ, ‘ಹೋದ ವರ್ಷದ ಕಟ್‌ಗೆ ಇನ್ನೆಷ್ಟು ಬಾಕಿ ಸರ್?’ ಎಂದರು. ಒಂದು ಸೆಕೆಂಡಿಗೆ ಚೂರು ಹೆಚ್ಚು ಎಂದೆ.