ಅಂಗಡಿಯಲ್ಲಿ ಸಿಗದ ಸೋಡಾ

ಟಿವಿಯಲ್ಲಿ ಮದ್ಯದ ಜಾಹೀರಾತು ತೋರಿಸಲು ಬಿಡಬಹುದೇ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ, ಈಗ ಬರುತ್ತಿರುವುದು ಮತ್ತೆ ಎಂತದ್ದು? ಕಾಗದದಲ್ಲಿ ಈ ಪ್ರಶ್ನೆ ಯಾವಾಗಲೋ ತೀರ್ಮಾನವಾಗಿದೆ. 2000ದಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ಬಂತು. ಸಿಗರೇಟು, ತಂಬಾಕು, ಮದ್ಯ ಯಾವುದನ್ನೂ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಪ್ರಚಾರ ಮಾಡುವಂತಿಲ್ಲ ಅಂತಾಯಿತು. ಅಲ್ಲಿಂದ ಬಾಟಲಿ ಮಾಯವಾಯಿತು, ಹೆಸರು ಉಳಿಯಿತು. ಅದೇ ಹೆಸರು, ಅದೇ ಬಣ್ಣ, ಅದೇ ಹಾಡು. ಕೆಳಗೆ ಸಣ್ಣ ಅಕ್ಷರದಲ್ಲಿ ಸೋಡಾ, ನೀರು ಅಥವಾ ಮ್ಯೂಸಿಕ್ ಸಿ.ಡಿ. (ಯಾವ ಕಂಪನಿ ಅಂತ ಬರೆಯುವುದಿಲ್ಲ. ಬರೆದರೆ ನಾನೂ ಬಿಟ್ಟಿ ಜಾಹೀರಾತು ಕೊಟ್ಟಂತಾಗುತ್ತದೆ.)

ಕಾಸರಗೋಡಿನ ಈ ಬದಿಯಲ್ಲಿ, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯವರಿಗೆ ಕುಡಿತ ಬಿಡಿಸುವ ಚಿಕಿತ್ಸೆ ನನ್ನ ಕೆಲಸ. ಆಗಾಗ ಶಾಲೆಗಳಿಗೂ ಮಾತಾಡಲು ಕರೆಯುತ್ತಾರೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ನಾನು ಜಾಹೀರಾತಿನ ಸಾಲೊಂದನ್ನು ಅರ್ಧ ಹೇಳಿ ನಿಲ್ಲಿಸುತ್ತೇನೆ. ಉಳಿದರ್ಧವನ್ನು ಇಡೀ ಕ್ಲಾಸು ಕೂಗಿ ಮುಗಿಸುತ್ತದೆ. ಯಾವುದರ ಜಾಹೀರಾತು ಅಂತ ಕೇಳಿದರೆ, 'ಬ್ರಾಂಡಿ ಸರ್' ಎನ್ನುತ್ತಾರೆ. ಸೋಡಾ ಅಂತ ಒಬ್ಬನೂ ಹೇಳುವುದಿಲ್ಲ. ಸರಿ, ಆ ಕಂಪನಿಯ ಸೋಡಾ ಯಾವ ಅಂಗಡಿಯಲ್ಲಿ ನೋಡಿದ್ದೀರಿ? ಮಕ್ಕಳು ಮುಖ ಮುಖ ನೋಡುತ್ತಾರೆ. 'ಪೇಟೆಯಲ್ಲಿ ಗೋಲಿ ಸೋಡಾ ಉಂಟು ಸರ್' ಅಂದ ಒಬ್ಬ ಹುಡುಗ. ಕೇರಳದಲ್ಲಿ 23 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 13ರಲ್ಲೇ ಹೆಸರು ಬಾಯಿಪಾಠ.

ಇದಕ್ಕೆ ದಾರಿ ಮಾಡಿಕೊಟ್ಟದ್ದು 2009ರ ಇನ್ನೊಂದು ತಿದ್ದುಪಡಿ. ಮದ್ಯದ ಹೆಸರನ್ನೇ ಹೊತ್ತ ಬೇರೆ ಸಾಮಾನಿದ್ದರೆ ಜಾಹೀರಾತು ಮಾಡಬಹುದು, ಆದರೆ ಷರತ್ತುಗಳಿವೆ ಎಂದಿತು ಅದು. ಮದ್ಯವನ್ನು ನೆನಪಿಸುವ ಬಣ್ಣ, ಮಾತು, ಸನ್ನಿವೇಶ ಯಾವುದೂ ಇರಬಾರದು. ಆ ಸಾಮಾನು ನಿಜಕ್ಕೂ ಸಾಕಷ್ಟು ಅಂಗಡಿಗಳಲ್ಲಿ ಸಿಗಬೇಕು. ಅದರ ವ್ಯಾಪಾರಕ್ಕೂ ಜಾಹೀರಾತಿನ ಖರ್ಚಿಗೂ ತಾಳೆ ಇರಬೇಕು. ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡಬೇಕು. ಓದಲು ಬಲು ಚಂದ. ಆದರೆ ಮದ್ಯವನ್ನು ನೆನಪಿಸಲು ಹೆಸರೊಂದೇ ಸಾಕಲ್ವಾ? ಹೆಸರನ್ನು ಬಿಟ್ಟುಕೊಟ್ಟ ಮೇಲೆ ಉಳಿದ ಷರತ್ತು ಸುಮ್ನೆ.

ನನ್ನ ಚಿಂತೆ ಮಕ್ಕಳಿಗಿಂತಲೂ ಜಾಸ್ತಿ ಕುಡಿತ ಬಿಟ್ಟವರದ್ದು. ಚರ್ಚೆಗಳಲ್ಲಿ ಅವರ ಸುದ್ದಿಯೇ ಬರುವುದಿಲ್ಲ. ಅಡಕೆಗೆ ಮದ್ದು ಬಿಡುವ ಕೆಲಸದವರೊಬ್ಬರು ನನ್ನಲ್ಲಿಗೆ ಬರುತ್ತಾರೆ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು, ಚೆನ್ನಾಗಿಯೇ ಇದ್ದರು. ಐಪಿಎಲ್ ಶುರುವಾದ ಮೇಲೆ ಹೆಂಡತಿ ಜೊತೆಗೆ ಬಂದರು. 'ಡಾಕ್ಟ್ರೇ, ಮ್ಯಾಚ್ ನೋಡುವಾಗ ಇವರಿಗೆ ಎಂತದ್ದೂ ಇಲ್ಲ. ನಡುವಲ್ಲಿ ಆ ಸೋಡಾದ್ದು ಬಂದರೆ ಎದ್ದು ಅಂಗಳಕ್ಕೆ ಹೋಗ್ತಾರೆ' ಎಂದರು. ಗಂಡನಿಗೆ ನಾಚಿಕೆ. 'ಗ್ಲಾಸಿಗೆ ಐಸ್ ಬೀಳುವ ಶಬ್ದ ಉಂಟಲ್ಲ ಡಾಕ್ಟ್ರೇ, ಅದು ಕೇಳಿದರೆ ಆಗುವುದಿಲ್ಲ. ನಾನಾದರೂ ಜೀವಮಾನದಲ್ಲಿ ಐಸ್ ಹಾಕಿ ಕುಡಿದವನಲ್ಲ. ಪ್ಯಾಕೆಟ್ ಹರಿದು ಕುಡಿದವ.'

ಅವರು ಹೇಳಿದ್ದು ನೆಪವಲ್ಲ. ವರ್ಷಗಟ್ಟಲೆ ಕುಡಿದವರ ಮಿದುಳು ಕುಡಿತದ ಜೊತೆಗೆ ಬಂದ ನೋಟ, ಶಬ್ದ, ಹೊತ್ತು, ಜಾಗ ಎಲ್ಲವನ್ನೂ ಒಟ್ಟಿಗೇ ಕಲಿತಿರುತ್ತದೆ. ಮದ್ಯ ಬಿಟ್ಟರೂ ಆ ಕಲಿಕೆ ಬೇಗ ಅಳಿಯುವುದಿಲ್ಲ. ಒಂದು ಗುರುತು ಕಂಡರೆ ಸಾಕು, ಗುಟುಕು ಬಾಯಿಗೆ ಬೀಳುವ ಮೊದಲೇ ಮಿದುಳು ಸಿದ್ಧವಾಗುತ್ತದೆ, ಆಸೆ ಏಳುತ್ತದೆ. ಸಮಾಧಾನ ಏನೆಂದರೆ, ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಹಾಗಾಗಿ ಅಂಗಳಕ್ಕೆ ಹೋದದ್ದು ಒಳ್ಳೆಯ ಕೆಲಸವೇ ಅಂತ ಅವರಿಗೆ ಹೇಳಿದೆ. ಬ್ರೇಕ್ ಬಂದಾಗ ಶಬ್ದ ತೆಗೆಯಲು ಹೆಂಡತಿಗೆ ಹೇಳಿದೆ.

ಮಾತು ಬಂದದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ದಿನವೂ ಜಾಸ್ತಿ ಕುಡಿಯುವವರನ್ನು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಒಂದೇ ದಿನದಲ್ಲಿ ಕೈ ನಡುಕ, ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಬುದ್ಧಿ ಕಲಕಿ ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಕಣ್ಣೆದುರು ಬಿಡಿಸುವುದೇ ಸರಿ.

ಜಾಹೀರಾತು ಬೇಕೆನ್ನುವವರ ವಾದವನ್ನೂ ಕೇಳೋಣ. ಬಿವರೇಜಸ್ (ಕೇರಳ ಸರ್ಕಾರದ ಮದ್ಯದ) ಅಂಗಡಿಯ ಮುಂದೆ ಕ್ಯೂ ನಿಲ್ಲಲು ಜಾಹೀರಾತು ಬೇಕಾಯಿತೇ ಎನ್ನುತ್ತಾರೆ. ನಿಜ, ಬೇಕಾಗಲಿಲ್ಲ. ಜಾಹೀರಾತನ್ನು ಪೂರ್ತಿ ನಿಲ್ಲಿಸಿದರೆ ಕುಡಿತ ಇಳಿಯುತ್ತದೆಯೇ ಅಂತ 2014ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದ್ದರು. ಹೌದು ಎನ್ನಲೂ ಅಲ್ಲ ಎನ್ನಲೂ ಗಟ್ಟಿ ಪುರಾವೆ ಸಿಗಲಿಲ್ಲ. ಇದನ್ನು ಮುಚ್ಚಿಟ್ಟು ವಾದಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಹದಿಹರೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಜಾಹೀರಾತು ಜಾಸ್ತಿ ನೋಡಿದವರು ಕುಡಿತಕ್ಕೆ ಬೇಗ ಇಳಿಯುತ್ತಾರೆ, ಈಗಾಗಲೇ ಕುಡಿಯುವವರಾದರೆ ಇನ್ನೂ ಜಾಸ್ತಿ ಕುಡಿಯುತ್ತಾರೆ. ಕ್ಯೂ ನಿಂತವರು ಬೇಕಾದರೆ ಜಾಹೀರಾತು ಇಲ್ಲದೆಯೂ ನಿಲ್ಲುತ್ತಾರೆ. ಕಂಪನಿ ದುಡ್ಡು ಸುರಿಯುವುದು ನಾಳೆ ನಿಲ್ಲುವವರಿಗೆ. ವೈನ್ ನಾಡಾದ ಫ್ರಾನ್ಸೇ 1991ರಲ್ಲಿ ಟಿವಿಯಿಂದ ಮದ್ಯದ ಜಾಹೀರಾತನ್ನು ಹೊರಗೆ ಹಾಕಿತು. ನಮಗೆಂತ ಕಷ್ಟ?

ಗಡಿಯಲ್ಲಿ ಕೂತವರಿಗೆ ಇನ್ನೊಂದು ಕಾಣುತ್ತದೆ. ಮದ್ಯ ರಾಜ್ಯದ ವಿಷಯ, ಟಿವಿ ಕೇಂದ್ರದ್ದು. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಬಿವರೇಜಸ್ ಬಾಗಿಲು ಮುಚ್ಚಿರುತ್ತದೆ. ಆ ದಿನ ಕರ್ನಾಟಕದ ಗಡಿಯಾದ ತಲಪಾಡಿ ದಾಟುವವರು ದಾಟುತ್ತಾರೆ. ಆಚೆಯ ಮದ್ಯದ ಟೆಟ್ರಾ ಪ್ಯಾಕೆಟ್ ಕದ್ದು ಈಚೆ ಬರುತ್ತದೆ, ಅಬಕಾರಿಯವರು ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಹೆದ್ದಾರಿ ಬದಿಯ ಮದ್ಯದ ಬೋರ್ಡುಗಳನ್ನು ಸುಪ್ರೀಂ ಕೋರ್ಟು 2016ರಲ್ಲಿ ತೆಗೆಸಿತು. ಟಿವಿಗೆ ಚೆಕ್‌ಪೋಸ್ಟ್ ಇಲ್ಲ, ಒಂದನೇ ತಾರೀಕೂ ಇಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಚಾನೆಲ್ಲೂ ಓಡುತ್ತದೆ, ಮಲಯಾಳವೂ ಓಡುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಬಾಟಲಿಗಲ್ಲ, ಹೆಸರಿಗೇ ತಡೆ ಬೇಕು. ಮದ್ಯಕ್ಕಿಟ್ಟ ಹೆಸರು, ಗುರುತು ಬೇರೆ ಯಾವ ಸಾಮಾನಿನ ಮೇಲೆ ಕೂತಿದ್ದರೂ ಟಿವಿಗೆ ಬರಬಾರದು. ಸೋಡಾ ಮಾರಲೇಬೇಕೆಂದಿದ್ದರೆ ಹೊಸ ಹೆಸರಿಟ್ಟು ಮಾರಲಿ, ನಷ್ಟವೇನು? 2022ರ ಜೂನಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಬದಲಿ ಜಾಹೀರಾತುಗಳನ್ನು ನಿಷೇಧಿಸಿದೆ, ಆದರೆ ಬರೀ ಹೆಸರು ಬಳಸಿದ್ದನ್ನು ಬದಲಿ ಜಾಹೀರಾತು ಅಂತ ಎಣಿಸಿಲ್ಲ. ಮೊದಲ ಸಲಕ್ಕೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೂ 2025ರ ಮಾರ್ಚಿನಲ್ಲಿ ಕೇಂದ್ರದ ಆರೋಗ್ಯ ಇಲಾಖೆಯೇ ಐಪಿಎಲ್ ಮುಖ್ಯಸ್ಥರಿಗೆ ಪತ್ರ ಬರೆದು ನಿಲ್ಲಿಸಿ ಎನ್ನಬೇಕಾಯಿತು.

ದೂರು ಕೊಡಲು ಡಾಕ್ಟರೇ ಆಗಬೇಕೆಂದಿಲ್ಲ. ಗ್ರಾಹಕ ಸಹಾಯವಾಣಿಯ ನಂಬರ್ 1915. ಚಾನೆಲ್ ಯಾವುದು, ಯಾವ ದಿನ, ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಜೊತೆಗೆ, ಆ ಸೋಡಾ ನಿಮ್ಮ ಪೇಟೆಯ ಯಾವ ಅಂಗಡಿಯಲ್ಲೂ ಇಲ್ಲ ಅಂತಲೂ ಸೇರಿಸಿ.