ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ

ಅಣ್ಣಿಗೇರಿಯ ಅಕ್ಕನ ಮನೆಗೆ ಹೋಗಿ ಬರುವಾಗ ಕಾರಿನ ಮುಂದಿನ ಎಡಗಡೆ ಟಕ್ ಟಕ್ ಸದ್ದು ಶುರುವಾಯಿತು. ಹಂಪ್ ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಹದಿನೈದು ವರ್ಷದ ಕಾರು, ಸದ್ದು ಮಾಡಲಿ ಬಿಡಿ. ಆದರೆ ಆ ಜಾಗದ ರಬ್ಬರ್ ಬುಷ್ ಬದಲಿಸಿ ಎಂಟು ತಿಂಗಳೂ ಆಗಿರಲಿಲ್ಲ!

ಈ ಸಲ ಹುಬ್ಬಳ್ಳಿಯ ಕಾರವಾರ ರೋಡಿನ ಕಡೆ ಇರುವ ಬೇರೊಬ್ಬ ಮಿಸ್ತ್ರಿ ಹತ್ತಿರ ಒಯ್ದೆ. ಅವರು ಸಲಾಕೆ ಹಾಕಿ ಲೋವರ್ ಆರ್ಮ್, ಅಂದರೆ ಗಾಲಿಯನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು, ಅಲ್ಲಾಡಿಸಿದರು. ಟಾರ್ಚ್ ಹಿಡಿದು ನೋಡಿದರು. "ಬುಷ್ ಹರದೈತ್ರೀ ಸರ. ಹಾಕಿದವ್ರು ಗಾಲಿ ಜೋತಾಡೋವಾಗನ ಬೋಲ್ಟ್ ಬಿಗದಾರ್ರೀ," ಅಂದರು.

ಇನ್ನೂ ಏನೂ ಬಿಚ್ಚಿಯೇ ಇಲ್ಲ, ಇವರಿಗೆ ಹೇಗೆ ಗೊತ್ತಾಯಿತು? ರಬ್ಬರಿನ ಬಿರುಕು ತೋರಿಸಿದರು. ಎಲ್ಲವೂ ಒಂದೇ ಕಡೆ ವಾಲಿದ್ದವು, ಸುರುಳಿಯ ಹಾಗೆ.

ಬುಷ್ ಎಂದರೆ ಒಂದು ಕಬ್ಬಿಣದ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ನಡುವೆ ರಬ್ಬರು. ಹೊರಗಿನ ಕೊಳವೆ ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ. ಒಳಗಿನದನ್ನು ಬೋಲ್ಟ್ ಕಾರಿನ ಚೌಕಟ್ಟಿಗೆ ಕಚ್ಚಿ ಹಿಡಿಯುತ್ತದೆ. ಗಾಲಿ ಮೇಲೆ ಕೆಳಗೆ ಆಡಿದಾಗ ಆರ್ಮ್ ಬಾಗಿಲಿನ ಹಾಗೆ ಆಡಬೇಕು. ಆದರೆ ಬಾಗಿಲಿನ ತಿರುಗಣಿಯಂತೆ ಇಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರು ಎರಡೂ ಕೊಳವೆಗೆ ಅಂಟಿಕೊಂಡಿದೆ. ಅದು ತಿರುಚಿಕೊಂಡು, ಮತ್ತೆ ಬಿಚ್ಚಿಕೊಂಡು ಕೆಲಸ ಮಾಡುತ್ತದೆ. ಹಾಗಾಗಿಯೇ ಇದಕ್ಕೆ ಗ್ರೀಸ್ ಬೇಕಿಲ್ಲ.

ಇಷ್ಟು ತಿರುಚಿದರೂ ರಬ್ಬರು ಹೇಗೆ ತಡೆಯುತ್ತದೆ? ರಬ್ಬರಿನ ಅಣುಗಳು ಬೇಯಿಸಿದ ಶಾವಿಗೆಯ ಎಳೆಗಳಂತೆ ಉದ್ದ, ಒಂದಕ್ಕೊಂದು ಸಿಕ್ಕು. ಹಸಿ ರಬ್ಬರಿನಲ್ಲಿ ಈ ಎಳೆಗಳು ಜಾರಿಬಿಡುತ್ತವೆ. ಬಿಸಿಲಿಗೆ ಅಂಟು, ಚಳಿಗೆ ಗಟ್ಟಿ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದರೆ ಈ ಕಾಟ ಹೋಗುತ್ತದೆ ಎಂದು ಕಂಡುಕೊಂಡ. ಗಂಧಕ ಎಳೆಯಿಂದ ಎಳೆಗೆ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಎಳೆ ಬಿಡಿಸಿಕೊಳ್ಳುತ್ತದೆ, ಬಿಟ್ಟರೆ ಗಂಟು ವಾಪಸ್ ಕರೆಯುತ್ತದೆ. ಕಪ್ಪು ಬಣ್ಣ ಮಸಿಯದು. ಅದು ಅಂದಕ್ಕಲ್ಲ, ಗಟ್ಟಿತನಕ್ಕೆ.

ಒಂದು ರಬ್ಬರ್ ಬ್ಯಾಂಡ್ ತಗೊಂಡು ಪಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ. ಬೆಚ್ಚಗಿರುತ್ತದೆ. ಬಿಟ್ಟರೆ ಮತ್ತೆ ತಣ್ಣಗಾಗುತ್ತದೆ. ಆದರೆ ತನಗೆ ಕೊಟ್ಟ ಶಕ್ತಿಯನ್ನೆಲ್ಲ ರಬ್ಬರು ಹಿಂದಿರುಗಿಸುವುದಿಲ್ಲ, ಪ್ರತಿ ಸಲ ಸ್ವಲ್ಪ ಶಾಖವಾಗಿ ಹೋಗುತ್ತದೆ. ರಸ್ತೆಯ ನಡುಕವನ್ನು ಬುಷ್ ನುಂಗುವುದು ಹೀಗೆ. ನಮ್ಮ ಕಡೆ ಅದಕ್ಕೆ ಕೆಲಸ ಜಾಸ್ತಿ. ಹುಬ್ಬಳ್ಳಿ ದಾಟಿ ಗದಗಿನ ಕಡೆ ಹೊರಟರೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಊರೊಳಗಿನ ಡಾಂಬರು ಸಮ ಇರೋದಾದರೂ ಹೇಗೆ?

ಈಗ ಆ ಬೋಲ್ಟ್ ವಿಷಯ. ಕಾರನ್ನು ಜಾಕ್ ಮೇಲೆ ಎತ್ತಿದಾಗ ಗಾಲಿ ಜೋತುಬೀಳುತ್ತದೆ. ಆರ್ಮ್ 30 ಸೆಂಟಿಮೀಟರ್ ಉದ್ದ, ಗಾಲಿ 8 ಸೆಂಟಿಮೀಟರ್ ಇಳಿಯಿತು ಎಂದುಕೊಳ್ಳಿ. ಆರ್ಮ್ ಸುಮಾರು 15 ಡಿಗ್ರಿ ವಾಲಿತು. ಆಗ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಜಾಗ. ಕಾರು ಕೆಳಗಿಳಿಸಿದ ಕೂಡಲೇ 15 ಡಿಗ್ರಿ ತಿರುಚಿಕೊಂಡು ನಿಲ್ಲುತ್ತದೆ. ಮನೆ ಮುಂದೆ ಸುಮ್ನೆ ನಿಂತಾಗಲೂ ಹಾಗೇ. ಹಂಪ್ ಬಂದು ಗಾಲಿ ಇನ್ನಷ್ಟು ಮೇಲೆದ್ದರೆ ಅದರ ಮೇಲೊಂದಿಷ್ಟು.

ಗಾಳಿಯಲ್ಲಿರುವ ಓಝೋನ್ ಅನಿಲ ಕೂಡ ಇದನ್ನೇ ಕಾಯುತ್ತಿರುತ್ತದೆ. ಸಡಿಲವಾಗಿರುವ ರಬ್ಬರಿನಲ್ಲಿ ಅದು ಬಿರುಕು ಬಿಡಿಸುವುದಿಲ್ಲ. ಎಳೆದುಕೊಂಡಿರುವ ರಬ್ಬರಿನ ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ, ಬಿರುಕು ಎಳೆತಕ್ಕೆ ಅಡ್ಡಲಾಗಿ ಬಾಯಿ ಬಿಡುತ್ತದೆ. ತಿರುಚಿದ ಬುಷ್‌ನಲ್ಲಿ ಎಳೆತ ಓರೆಯಾಗಿರುವುದರಿಂದ ಬಿರುಕೂ ಓರೆ. ಮಿಸ್ತ್ರಿ ಟಾರ್ಚಿನಲ್ಲಿ ಕಂಡಿದ್ದು ಅದೇ.

ಹಳೆ ಬುಷ್ ತೆಗೆಯುವುದೇ ದೊಡ್ಡ ಕೆಲಸ. ಆರ್ಮ್ ಬಿಚ್ಚಿ ಹೈಡ್ರಾಲಿಕ್ ಪ್ರೆಸ್‌ಗೆ ಕೊಟ್ಟಾಗ ತುಕ್ಕು ಹಿಡಿದ ಕೊಳವೆ ಪಟಾಕಿಯಂತೆ ಸಿಡಿದು ಬಂತು. ಸುತ್ತಿಗೆಯಿಂದ ಬಡಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಆರ್ಮ್ ಸೊಟ್ಟಗಾಗುವ ಭಯ. ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಬುಷ್ ಹಾಕಿಸಲೇ ಎಂದು ಕೇಳಿದೆ. ಅದು ಸಾಮಾನ್ಯವಾಗಿ ಜಾರುವ ಜಾತಿ, ಗ್ರೀಸ್ ಬೇಡುತ್ತದೆ, ಗಡುಸು ಜಾಸ್ತಿ. ಸಂತೆಗೆ, ಅಕ್ಕನ ಮನೆಗೆ ಹೋಗುವ ಕಾರಿಗೆ ರಬ್ಬರೇ ಸರಿ. ಇನ್ನೊಂದು ಮಾತು: ಕಿರ್ ಅನ್ನುತ್ತದೆ ಎಂದು ಬುಷ್ ಮೇಲೆ ಹಳೆ ಎಂಜಿನ್ ಆಯಿಲ್ ಸುರಿಯಬೇಡಿ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಹೊಸ ಬುಷ್ ಕೂತ ಮೇಲೆ ಮಿಸ್ತ್ರಿ ಬೋಲ್ಟ್‌ಗಳನ್ನು ಕೈಯಲ್ಲಿ ಹಿಡಿಯುವಷ್ಟೇ ತಿರುಗಿಸಿ ಬಿಟ್ಟರು. ಕಾರನ್ನು ತಳ್ಳಿಕೊಂಡು ಹೋಗಿ ಗ್ಯಾರೇಜಿನ ಹೊಂಡದ ಮೇಲೆ ನಿಲ್ಲಿಸಿದರು, ನಾಲ್ಕೂ ಗಾಲಿ ನೆಲದ ಮೇಲೆ. ಬಾನೆಟ್ ಹಿಡಿದು ನಾಲ್ಕು ಸಲ ಜಗ್ಗಿದರು. ಸ್ಪ್ರಿಂಗ್ ತನ್ನ ಜಾಗಕ್ಕೆ ಬಂದ ಮೇಲೆ ಹೊಂಡಕ್ಕಿಳಿದು ಕೆಳಗಿನಿಂದ, ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡಿ ತಿಳಿಸುವ ಟಾರ್ಕ್ ರೆಂಚ್ ಹಾಕಿದರು. ಟಕ್ ಅಂತ ಒಂದೇ ಒಂದು ಸಲ ಸದ್ದಾಯಿತು. ಅದು ರೆಂಚಿನದು.

"ಈಗ ನೆಟ್ಟಗ ಅಲೈನ್‌ಮೆಂಟ್ ಮಾಡಿಸ್ರೀ," ಎಂದು ಒಳಗಿನಿಂದಲೇ ಕೂಗಿದರು. "ಇಲ್ಲಾಂದ್ರ ಟೈರು ಒಂದ ಮಗ್ಗಲಾ ಸವೀತೈತಿ."